ಬೆಳೆದ ಮೇಲೆ ಸಿಕ್ಕಿಬಿದ್ದ ಹಕ್ಕಿ

ಬೇಟೆಗೆ ಪಳಗಿಸುವ ಗಿಡುಗವನ್ನು ಮೂರು ವಯಸ್ಸಿನಲ್ಲಿ ಹಿಡಿಯಬಹುದು. ಕಣ್ಣು ಬಿಟ್ಟ ಮರಿಯನ್ನು ಗೂಡಿನಿಂದಲೇ ಎತ್ತಿ ತರಬಹುದು. ಹಾರಲು ಕಲಿತು, ಮೊದಲ ವರ್ಷದ ಗರಿಗಳು ಇನ್ನೂ ಉದುರದೆ, ವಲಸೆಯ ದಾರಿಯಲ್ಲಿರುವಾಗ ಬಲೆಗೆ ಕೆಡವಬಹುದು. ಇಲ್ಲವೇ, ಒಮ್ಮೆಯಾದರೂ ಗರಿ ಬದಲಿಸಿ, ತನ್ನ ಬೇಟೆಯನ್ನು ತಾನೇ ಆಡಿ ತಿಂದು, ಪೂರ್ತಿ ಬೆಳೆದ ಹಕ್ಕಿಯನ್ನೇ ಹಿಡಿಯಬಹುದು. ಇಂಗ್ಲೆಂಡಿನ ಗಿಡುಗಬೇಟೆಯವರು ಮೊದಲನೆಯದನ್ನು ಐಯಸ್ ಎಂದರು, ಎರಡನೆಯದನ್ನು ಪ್ಯಾಸೇಜರ್ ಎಂದರು. ಮೂರನೆಯದನ್ನು ಕರೆದದ್ದು ಹ್ಯಾಗರ್ಡ್ ಎಂದು.

ಈ ಮೂರನೆಯ ಪದ ಬೇಟೆಯವರ ಕೈಯಿಂದ ಜಾರಿ ಇಂದು ಇಂಗ್ಲಿಷ್ ಬಲ್ಲ ಎಲ್ಲರ ಬಾಯಿಗೆ ಬಂದಿದೆ. ಕಣ್ಣು ಗುಳಿಬಿದ್ದು, ಕೆನ್ನೆ ಒಳಸೇರಿ, ನಿದ್ದೆಯಿಲ್ಲದೆ ಬಳಲಿದ ಮುಖ ಹ್ಯಾಗರ್ಡ್. ಚುನಾವಣೆ ಸೋತ ನಾಯಕ, ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ರಾತ್ರಿ ಕಳೆದ ಮಗ, ಹಸುಗೂಸಿನ ತಾಯಿ, ಎಲ್ಲರಿಗೂ ಅದೇ ವಿಶೇಷಣ. ಅನುವಾದದ ಕೆಲಸದಲ್ಲಿ ಈ ಪದ ಎದುರಾದಾಗಲೆಲ್ಲ ‘ಬಳಲಿದ’, ‘ಸೊರಗಿದ’, ‘ಕಳೆಗುಂದಿದ’ ಎಂದು ಆ ಹೊತ್ತಿಗೆ ಹೊಳೆದದ್ದನ್ನು ಬರೆದು ಮುಂದೆ ಹೋಗುತ್ತೇನೆ. ಯಾರೂ ತಕರಾರು ಮಾಡುವುದಿಲ್ಲ. ಅರ್ಥವೂ ಹೆಚ್ಚುಕಡಿಮೆ ಸರಿಯೇ. ಆದರೆ ನಮ್ಮ ಪದಗಳು ಬಂದ ದಾರಿ ಬೇರೆ, ಅದು ಬಂದ ದಾರಿ ಬೇರೆ. ಆ ದಾರಿಯನ್ನು ಒಮ್ಮೆ ನಡೆದು ನೋಡಿದ ಮೇಲೆ ನನಗೆ ಹ್ಯಾಗರ್ಡ್ ಎಂಬುದು ದಣಿವಿನ ಮಾತಾಗಿ ಕೇಳಿಸುವುದಿಲ್ಲ, ಸೆರೆಯ ಮಾತಾಗಿ ಕೇಳಿಸುತ್ತದೆ.

ಇಂಗ್ಲಿಷಿಗೆ ಅದು ಬಂದದ್ದು 16ನೆಯ ಶತಮಾನದ ನಡುವಿನಲ್ಲಿ, ಫ್ರೆಂಚಿನಿಂದ. ಅಲ್ಲಿ ‘ಅಗಾರ್’ ಎಂದರೆ ಕಾಡಿನಲ್ಲಿ ಬೆಳೆದು ಬಲಿತ ಮೇಲೆ ಹಿಡಿದ ಗಿಡುಗ. ಅದರ ಬೇರು ಜರ್ಮನ್ ನುಡಿಗಳ ‘ಹಾಗ್’ ಎಂಬ ಪದದಲ್ಲಿದೆ, ಹಾಗೆಂದರೆ ಬೇಲಿ ಅಥವಾ ಪೊದೆಗಾಡು, ಎಂಬುದು ಬಹಳ ವಿದ್ವಾಂಸರ ಊಹೆ. ಹಾಗಾದರೆ ಅದು ಬೇಲಿಯ ಹಕ್ಕಿ, ಮನೆಯ ಹಕ್ಕಿಯಲ್ಲ. ಒಂದನೆಯ ಪದದ ಕಥೆ ಇನ್ನೂ ತಮಾಷೆಯದು. ಫ್ರೆಂಚಿನ ‘ನಿಯೆ’ ಎಂದರೆ ಗೂಡಿನಿಂದ ತಂದದ್ದು; ಗೂಡಿಗೆ ಇರುವ ಲ್ಯಾಟಿನ್ ಪದ ‘ನೀಡುಸ್’ ಅದರ ತಾಯಿ. ಇಂಗ್ಲಿಷಿನವರು ‘ಎ ನಯಸ್’ ಎಂದು ಶುರುಮಾಡಿ, ಆಡುತ್ತಾ ಆಡುತ್ತಾ ನಕಾರವನ್ನು ಹಿಂದಿನ ಪದಕ್ಕೆ ಅಂಟಿಸಿ ‘ಆ್ಯನ್ ಐಯಸ್’ ಮಾಡಿಬಿಟ್ಟರು. ಫ್ರೆಂಚಿನಲ್ಲಿ ಇಂದು ಅದೇ ‘ನಿಯೆ’ಗೆ ಪೆದ್ದ, ಲೋಕ ತಿಳಿಯದವನು ಎಂಬ ಅರ್ಥ. ಗೂಡು ಬಿಡದವನು ದಡ್ಡನಾದ, ಗೂಡು ಬಿಟ್ಟು ಬೆಳೆದವಳು ಮುಖಗೆಟ್ಟವಳಾದಳು. ಮನುಷ್ಯನ ಕೈಗೆ ಸಿಕ್ಕ ಮೇಲೆ ಎರಡು ಹಕ್ಕಿಗೂ ಒಳ್ಳೆಯ ಹೆಸರು ಉಳಿಯಲಿಲ್ಲ.

‘ಬೆಳೆದವಳು’ ಎಂದು ಹೆಣ್ಣಾಗಿ ಬರೆದದ್ದಕ್ಕೆ ಕಾರಣವಿದೆ. ಗಿಡುಗಗಳಲ್ಲಿ ಹೆಣ್ಣೇ ದೊಡ್ಡದು, ಬಲವುಳ್ಳದ್ದು. ಇಂಗ್ಲಿಷ್ ಬೇಟೆಯವರ ಮಾತಿನಲ್ಲಿ ಫಾಲ್ಕನ್ ಎಂದರೆ ಹೆಣ್ಣು ಮಾತ್ರ. ಗಂಡು ಅದಕ್ಕಿಂತ ಮೂರನೆಯ ಒಂದು ಭಾಗದಷ್ಟು ಚಿಕ್ಕದೆಂದು ಅದಕ್ಕೆ ‘ಮೂರನೆಯದು’ ಎಂಬ ಅರ್ಥದ ಟಿಯರ್ಸೆಲ್ ಎಂಬ ಬೇರೆ ಹೆಸರಿಟ್ಟರು. ಹ್ಯಾಗರ್ಡ್ ಹಕ್ಕಿಯ ಮಾತು ಬಂದಲ್ಲೆಲ್ಲ ‘ಅವಳು’ ಎಂಬ ಸರ್ವನಾಮವೇ ಬರುತ್ತದೆ. ಮುಂದೆ ಈ ಪದ ಹೆಂಗಸರ ಮುಖದ ಮೇಲೆ ಹೋಗಿ ಕುಳಿತುಕೊಳ್ಳಲು ಇದೂ ಒಂದು ನೆಪವಾಗಿರಬೇಕು.

ಬೆಳೆದ ಹಕ್ಕಿಯನ್ನು ಯಾಕೆ ಹಿಡಿಯಬೇಕು? ಮರಿಯನ್ನು ಸಾಕುವುದು ಸುಲಭವಲ್ಲವೇ? ಸುಲಭ, ಆದರೆ ಮರಿಗೆ ಬೇಟೆ ಬರುವುದಿಲ್ಲ. ಕೈಯಿಂದ ತಿಂದು ಬೆಳೆದ ಮರಿ ಮನುಷ್ಯನನ್ನೇ ತಾಯಿಯೆಂದು ತಿಳಿದು, ಅವನು ಕಂಡಾಗಲೆಲ್ಲ ಹಸಿವೆಂದು ಕಿರುಚುತ್ತದೆ. ಹಾರಿಸಿದರೆ ಗಾಳಿಯನ್ನು ಓದಲು ಗೊತ್ತಿಲ್ಲ, ಎತ್ತರಕ್ಕೇರಿ ಕಾಯುವ ತಾಳ್ಮೆಯಿಲ್ಲ. ಬೆಳೆದ ಹಕ್ಕಿಗೆ ಇದೆಲ್ಲ ಬಂದಿರುತ್ತದೆ. ಅದು ಹಲವು ಚಳಿಗಾಲ ಬದುಕಿ ಉಳಿದಿರುವುದೇ ಅದಕ್ಕೆ ಪ್ರಮಾಣಪತ್ರ. ಅದಕ್ಕೆ ಕಲಿಸಬೇಕಾದದ್ದು ಒಂದೇ, ಮನುಷ್ಯನ ಕೈಗೆ ವಾಪಸು ಬರುವುದು. 17ನೆಯ ಶತಮಾನದ ಆರಂಭದಲ್ಲಿ ಗಿಡುಗಬೇಟೆಯ ಬಗ್ಗೆ ಬರೆದ ಸೈಮನ್ ಲೇಥಮ್ ಎಂಬ ಇಂಗ್ಲಿಷಿನವನು ತನ್ನ ಪುಸ್ತಕದಲ್ಲಿ ಹ್ಯಾಗರ್ಡ್ ಹಕ್ಕಿಗೇ ವಿಶೇಷವಾದ ಸ್ಥಾನ ಕೊಟ್ಟ. ಕಸುಬು ಬಲ್ಲವರಿಗೆ ಅದು ಬೈಗುಳವಾಗಿರಲಿಲ್ಲ. ಹ್ಯಾಗರ್ಡ್ ಎಂದರೆ ಎಲ್ಲವೂ ಗೊತ್ತಿರುವ, ಆದ್ದರಿಂದಲೇ ಯಾವ ಕ್ಷಣದಲ್ಲೂ ಕೈಬಿಟ್ಟು ಹೋಗಬಲ್ಲ ಹಕ್ಕಿ.

ಹಿಡಿಯುವ ಕಸುಬೇ ಒಂದು ಲೋಕ. ನೆದರ್ಲೆಂಡಿನ ದಕ್ಷಿಣದಲ್ಲಿ ವಾಲ್ಕೆನ್ಸ್ವಾರ್ಡ್ ಎಂಬ ಊರಿದೆ. ಸುತ್ತ ಬಯಲು, ವಲಸೆ ಹಕ್ಕಿಗಳ ದಾರಿ. ಶತಮಾನಗಳ ಕಾಲ ಆ ಊರಿನವರು ಗಿಡುಗ ಹಿಡಿದು ಯುರೋಪಿನ ಅರಮನೆಗಳಿಗೆ ಮಾರಿ ಬದುಕಿದರು. ಹುಲ್ಲುಹೆಂಟೆಯ ಗುಡಿಸಿಲಿನೊಳಗೆ ಬೇಟೆಗಾರ ಕೂರುತ್ತಿದ್ದ. ದೂರದಲ್ಲಿ ಬಲೆ, ಬಲೆಯ ಬಳಿ ದಾರಕ್ಕೆ ಕಟ್ಟಿದ ಪಾರಿವಾಳ. ಆದರೆ ಬಾನಿನಲ್ಲಿ ಚುಕ್ಕೆಯಷ್ಟೂ ಕಾಣದ ಗಿಡುಗ ಬರುತ್ತಿದೆಯೆಂದು ಅವನಿಗೆ ತಿಳಿಯುವುದು ಹೇಗೆ? ಗುಡಿಸಿಲಿನ ಮುಂದೆ ಕೀಚುಗ ಹಕ್ಕಿಯೊಂದನ್ನು ಕಟ್ಟಿರುತ್ತಿದ್ದರು. ಮನುಷ್ಯನ ಕಣ್ಣಿಗೆ ಬೀಳುವ ಬಹಳ ಮೊದಲೇ ಅದು ಗಿಡುಗವನ್ನು ಕಂಡು, ಹೆದರಿ, ಅರಚುತ್ತಾ ತನ್ನ ಪುಟ್ಟ ಗೂಡಿನೊಳಗೆ ನುಗ್ಗುತ್ತಿತ್ತು. ಅದು ಯಾವ ಕಡೆ ತಿರುಗಿ ಅರಚಿತೋ ಆ ಕಡೆಯಿಂದ ಗಿಡುಗ. ಲಿನೇಯಸ್ ಆ ಕೀಚುಗಕ್ಕೆ ‘ಕಾವಲುಗಾರ’ ಎಂಬ ಅರ್ಥದ ‘ಎಕ್ಸ್‌ಕ್ಯುಬಿಟರ್’ ಎಂಬ ಹೆಸರಿಟ್ಟ. ಒಂದು ಹಕ್ಕಿಯ ಭಯವನ್ನೇ ಉಪಕರಣವಾಗಿಸಿ ಇನ್ನೊಂದು ಹಕ್ಕಿಯ ಸ್ವಾತಂತ್ರ್ಯ ಕಸಿಯುವ ಈ ಜಾಣತನದ ಬಗ್ಗೆ ಓದಿದಾಗ ಮೆಚ್ಚಬೇಕೋ ಬೇಡವೋ ಎಂದು ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಬಲೆಯಿಂದ ಬಿಡಿಸಿದ ಮೇಲೆ ನಿಜವಾದ ಕೆಲಸ. ಮೊದಲು ಕತ್ತಲು ಬೇಕು. ಹಳೆಯ ಕಾಲದಲ್ಲಿ ಹಕ್ಕಿಯ ಕೆಳರೆಪ್ಪೆಗೆ ದಾರ ಪೋಣಿಸಿ, ತಲೆಯ ಮೇಲೆ ಎಳೆದು ಕಟ್ಟಿ, ಕಣ್ಣು ಮುಚ್ಚಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆಂದೇ ‘ಸೀಲ್’ ಎಂಬ ಕ್ರಿಯಾಪದವಿತ್ತು. ಮುದ್ರೆ ಒತ್ತುವ ಸೀಲ್‌ಗೂ ಇದಕ್ಕೂ ನಂಟಿಲ್ಲ. ಇದು ಫ್ರೆಂಚಿನ ರೆಪ್ಪೆಗೂದಲಿನಿಂದ ಬಂದದ್ದು. ಅರಬರ ಬಳಿ ಇದಕ್ಕಿಂತ ಮೃದುವಾದ ಉಪಾಯವಿತ್ತು, ತೊಗಲಿನ ಕುಲಾವಿ. 13ನೆಯ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಅದನ್ನು ಅವರಿಂದ ಕಲಿತು ತನ್ನ ಗಿಡುಗಬೇಟೆಯ ಬೃಹತ್ ಗ್ರಂಥದಲ್ಲಿ ಬರೆದಿಟ್ಟ. ಕಾಲಿಗೆ ತೊಗಲಿನ ಪಟ್ಟಿ, ಪಟ್ಟಿಗೆ ಪುಟ್ಟ ಗೆಜ್ಜೆ. ಬಯಲಿನಲ್ಲಿ ಮೊದಲ ಸಲ ಹಾರಿಸುವಾಗ ಉದ್ದದ ಹುರಿ. ಆ ಹುರಿಯ ಹೆಸರು ಕ್ರಿಯಾನ್ಸ್, ಅಂದರೆ ನಂಬಿಕೆ. ನಂಬಿಕೆ ಇಲ್ಲದ ಕಡೆ ಕಟ್ಟುವ ಹಗ್ಗಕ್ಕೆ ಆ ಹೆಸರು!

ಇದಾದ ಮೇಲೆ ಜಾಗರಣೆ. ಹ್ಯಾಗರ್ಡ್ ಪದದ ತಿರುವು ಇಲ್ಲಿದೆ ಎಂದು ನನ್ನ ಅನಿಸಿಕೆ, ನಿಘಂಟುಗಳು ಇದನ್ನು ಹೇಳುವುದಿಲ್ಲ. ಕಾಡಿನ ಹಕ್ಕಿಯನ್ನು ಪಳಗಿಸಲು ಹಳಬರಿಗೆ ತಿಳಿದಿದ್ದ ದಾರಿ ಅದಕ್ಕೆ ನಿದ್ದೆ ಕೊಡದಿರುವುದು. ಮಂದ ಬೆಳಕಿನ ಕೋಣೆಯಲ್ಲಿ ಎಡಗೈಗೆ ತೊಗಲಿನ ಗವಸು ತೊಟ್ಟು, ಅದರ ಮೇಲೆ ಹಕ್ಕಿಯನ್ನು ಕೂರಿಸಿಕೊಂಡು, ಮನುಷ್ಯ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಚ್ಚರವಿರಬೇಕು. ಹಕ್ಕಿ ಹೆದರಿ ರೆಕ್ಕೆ ಬಡಿದು ಕೈಯಿಂದ ಕೆಳಕ್ಕೆ ಹಾರುತ್ತದೆ. ಕಾಲಪಟ್ಟಿ ಎಳೆದು ತಲೆಕೆಳಗಾಗಿ ತೂಗುತ್ತದೆ. ಮೆಲ್ಲನೆ ಎತ್ತಿ ಮತ್ತೆ ಕೂರಿಸಬೇಕು. ಮತ್ತೆ ಹಾರುತ್ತದೆ, ಮತ್ತೆ ಎತ್ತಬೇಕು. ತೂಕಡಿಸಿದರೆ ಅಲುಗಿಸಬೇಕು. ಕೊನೆಗೊಂದು ಹೊತ್ತಿನಲ್ಲಿ, ಒಂದು ರಾತ್ರಿಯಾದ ಮೇಲೋ ಕೆಲವು ರಾತ್ರಿಗಳಾದ ಮೇಲೋ, ಹಕ್ಕಿ ಅವನ ಮುಂದೆಯೇ ತಲೆ ತಗ್ಗಿಸಿ ಗವಸಿನ ಮೇಲಿನ ಮಾಂಸ ಕಿತ್ತು ತಿನ್ನುತ್ತದೆ. ಮೈಗರಿಗಳನ್ನೆಲ್ಲ ನಿಗುರಿಸಿ ಕೊಡವಿ, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಮಡಚಿಕೊಂಡು ಅವನ ಕೈಮೇಲೆಯೇ ನಿದ್ದೆ ಹೋಗುತ್ತದೆ. ಅಲ್ಲಿಗೆ ಕಾಡು ಮುಗಿಯಿತು.

ಇದು 1590ರ ದಶಕದ ಲಂಡನ್ನಿನ ನಾಟಕ ನೋಡುವವರಿಗೆಲ್ಲ ಗೊತ್ತಿದ್ದ ಸಂಗತಿ. ಷೇಕ್ಸ್‌ಪಿಯರನ ‘ದ ಟೇಮಿಂಗ್ ಆಫ್ ದ ಶ್ರೂ’ ನಾಟಕದ ಪೆಟ್ರೂಕಿಯೊ ತನ್ನ ಹೊಸ ಹೆಂಡತಿ ಕ್ಯಾಥರೀನಳನ್ನು ಹೇಗೆ ‘ಪಳಗಿಸುತ್ತೇನೆ’ ಎಂದು ರಂಗದ ಮೇಲೆ ನಿಂತು ಹೇಳುವಾಗ ಬಳಸುವುದು ಈ ಕಸುಬಿನ ಭಾಷೆಯನ್ನೇ. ಅವಳು ತನ್ನ ಹ್ಯಾಗರ್ಡ್. ಅವಳು ಇಂದು ಉಂಡಿಲ್ಲ, ಉಣ್ಣುವುದೂ ಇಲ್ಲ. ನಿನ್ನೆ ರಾತ್ರಿ ಮಲಗಿಲ್ಲ, ಇಂದೂ ಮಲಗಲು ಬಿಡುವುದಿಲ್ಲ. ಹಾಸಿಗೆ ಸರಿಯಿಲ್ಲವೆಂದು ನೆಪ ತೆಗೆದು ಕೂಗಾಡಿ, ಕಣ್ಣು ಮುಚ್ಚಿದೊಡನೆ ಎಬ್ಬಿಸುತ್ತೇನೆ ಎನ್ನುತ್ತಾನೆ. ಅದನ್ನೆಲ್ಲ ಪ್ರೀತಿಯ ಹೆಸರಿನಲ್ಲಿ ಮಾಡುತ್ತೇನೆ ಎನ್ನುತ್ತಾನೆ. ಪ್ರಹಸನ ಎಂದು ಹೆಸರಿದ್ದರೂ ಈ ಭಾಗವನ್ನು ಓದುವಾಗ ನನಗೆ ನಗು ಬರುವುದಿಲ್ಲ. ನಿದ್ದೆಗೆಡಿಸಿ ಮನಸ್ಸು ಮುರಿಯುವ ವಿದ್ಯೆಯನ್ನು ಪೊಲೀಸ್ ಠಾಣೆಗಳೂ ಸೆರೆಮನೆಗಳೂ ಬೇರೆ ಬೇರೆ ದೇಶಗಳಲ್ಲಿ ಚೆನ್ನಾಗಿ ಬಲ್ಲವು.

ಆದರೆ ಈ ಜಾಗರಣೆಯಲ್ಲಿ ಒಂದು ವಿಚಿತ್ರವಿದೆ. ಎಚ್ಚರವಿರುವುದು ಹಕ್ಕಿ ಮಾತ್ರವಲ್ಲ. ಟಿ. ಎಚ್. ವೈಟ್ ಎಂಬ ಇಂಗ್ಲಿಷ್ ಲೇಖಕ 1936ರಲ್ಲಿ ಜರ್ಮನಿಯಿಂದ ಗೋಸ್‌ಹಾಕ್ ಜಾತಿಯ ಒಂದು ಗಿಡುಗವನ್ನು ತರಿಸಿಕೊಂಡು, 1619ರ ಒಂದು ಹಳೆಯ ಪುಸ್ತಕವನ್ನು ಗುರುವಾಗಿಟ್ಟುಕೊಂಡು, ಅದನ್ನು ಹೀಗೆಯೇ ಪಳಗಿಸಲು ಕುಳಿತ. ಅದು ಹ್ಯಾಗರ್ಡ್ ಕೂಡ ಅಲ್ಲ, ಗೂಡಿನಿಂದ ತಂದ ಎಳೆಯ ಹಕ್ಕಿ. ಆ ಕಾಲಕ್ಕಾಗಲೇ ನಿದ್ದೆಗೆಡಿಸದೆ ಪಳಗಿಸುವ ಪದ್ಧತಿಗಳಿದ್ದವು, ಅವನಿಗೆ ಅವು ತಿಳಿದಿರಲಿಲ್ಲ. 1951ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಹಕ್ಕಿಗಿಂತ ಹೆಚ್ಚು ಬಳಲಿ ಬೆಂಡಾಗಿ ಕಾಣುವವನು ಅವನೇ. ಕೊನೆಗೆ ಹಕ್ಕಿ ಹುರಿ ಹರಿದುಕೊಂಡು ಹೋಯಿತು. ಕೋಣೆಯ ಬಾಗಿಲು ತೆರೆದು ಬೆಳಗಿನ ಜಾವ ಯಾರಾದರೂ ಒಳಗೆ ಇಣುಕಿದ್ದರೆ ಅವರಿಗೆ ಕಾಣುತ್ತಿದ್ದದ್ದು ಎರಡು ಜೊತೆ ಕಣ್ಣುಗಳು, ಎರಡೂ ಕೆಂಪು, ಎರಡೂ ಸೋತವು. ಯಾವುದು ಹಿಡಿದವರದು, ಯಾವುದು ಹಿಡಿಸಿಕೊಂಡವರದು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಪದದ ಅರ್ಥ ಬದಲಾದದ್ದು ಹೀಗೆ. ಮೊದಲು ಹಕ್ಕಿಯ ಹೆಸರು. ಅದರ ಹಿಂದೆಯೇ ಪಳಗದ, ಹತೋಟಿಗೆ ಬಾರದ ಮನುಷ್ಯರಿಗೆ, ಅದರಲ್ಲೂ ಹೆಂಗಸರಿಗೆ, ಅದೇ ಹೆಸರು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಕಣ್ಣಿನಲ್ಲಿ ಕಾಣುವ ಬೆದರಿದ, ಕಾಡುಕಾಡಾದ ನೋಟ. 19ನೆಯ ಶತಮಾನದಲ್ಲಿ ಇಂದಿನ ಅರ್ಥ: ಚಿಂತೆಯಿಂದಲೋ ದಣಿವಿನಿಂದಲೋ ಇಳಿದುಹೋದ ಮುಖ. ದಾರಿಯಲ್ಲಿ ಇನ್ನೆರಡು ಪದಗಳು ಜೊತೆಗೂಡಿ ಅದನ್ನು ಎಳೆದವು ಎನ್ನುತ್ತಾರೆ. ಒಂದು, ಜರ್ಮನಿನಲ್ಲಿ ಸಣಕಲು ಎಂಬ ಅರ್ಥದ ‘ಹಾಗರ್’. ಇನ್ನೊಂದು, ಇಂಗ್ಲಿಷಿನಲ್ಲೇ ಇದ್ದ ‘ಹ್ಯಾಗ್’, ಮಾಟಗಾತಿ ಮುದುಕಿ. ಕಿವಿಗೆ ಒಂದೇ ಬಗೆಯಾಗಿ ಕೇಳಿಸುವ ಪದಗಳು ಜನರ ಮನಸ್ಸಿನಲ್ಲಿ ನೆಂಟರಾಗುತ್ತವೆ, ವಂಶವೃಕ್ಷ ಏನೇ ಹೇಳಲಿ. ಹಕ್ಕಿ ಮರೆತುಹೋಯಿತು, ಮುದುಕಿ ಉಳಿದಳು. ಬಲಿಷ್ಠವಾದ, ಬಾನಿನಲ್ಲಿ ಯಾರಿಗೂ ಸಿಗದ ಹೆಣ್ಣುಹಕ್ಕಿಯಿಂದ ಹೊರಟ ಪದ ಕಣ್ಣಕೆಳಗೆ ಕಪ್ಪಾದ ಹೆಣ್ಣಿನ ಮುಖಕ್ಕೆ ಬಂದು ನಿಂತಿತು. ಹೆಣ್ಣನ್ನು ಹಳಿಯಲು ಭಾಷೆಗಳು ಇಷ್ಟು ದೂರ ನಡೆಯುತ್ತವೆಯೇ ಎಂದು ಆಶ್ಚರ್ಯಪಡಬೇಕಿಲ್ಲ. ನಮ್ಮ ‘ಬಜಾರಿ’ ಸಂತೆಬೀದಿಯಿಂದ ನಡೆದು ಬಂದವಳಲ್ಲವೇ?

ಇಂಗ್ಲಿಷಿನಲ್ಲಿ ಹ್ಯಾಗರ್ಡ್ ಒಂಟಿಯಲ್ಲ. ಬೇಸತ್ತು ಬತ್ತಿದವರಿಗೆ ‘ಜೇಡೆಡ್’ ಎನ್ನುತ್ತಾರೆ. ಜೇಡ್ ಎಂದರೆ ದುಡಿದು ಸೋತ ಬಡಕಲು ಕುದುರೆ. ಬಳಸಿ ಬಳಸಿ ಸವೆದ ಮಾತಿಗೆ ‘ಹ್ಯಾಕ್‌ನೀಡ್’. ಹ್ಯಾಕ್‌ನಿ ಎಂದರೆ ಬಾಡಿಗೆಗೆ ಕೊಡುತ್ತಿದ್ದ ಸವಾರಿ ಕುದುರೆ, ದಿನಕ್ಕೊಬ್ಬ ಸವಾರ. ಬ್ರಿಟಿಷರು ತೀರಾ ಸುಸ್ತಾದಾಗ ‘ನ್ಯಾಕರ್ಡ್’ ಎನ್ನುತ್ತಾರೆ. ನ್ಯಾಕರ್ ಎಂದರೆ ಇನ್ನು ಕೆಲಸಕ್ಕೆ ಬಾರದ ಕುದುರೆಗಳನ್ನು ಕೊಂಡು ಕೊಲ್ಲುವ ವ್ಯಾಪಾರಿ. ಒಂದೊಂದರ ಹಿಂದೆಯೂ ಒಂದು ಪ್ರಾಣಿ, ಆ ಪ್ರಾಣಿಯ ಹಿಂದೆ ಅದನ್ನು ದುಡಿಸಿಕೊಂಡ ಒಬ್ಬ ಮನುಷ್ಯ. ದಣಿವಿಗೆ ಒಬ್ಬ ಕರ್ತೃ ಇದ್ದಾನೆ. ಪದದೊಳಗೆ ಅವನ ಹೆಸರಿಲ್ಲ, ನೆರಳಿದೆ.

ಕನ್ನಡದ ಕಡೆ ತಿರುಗಿದರೆ ಇನ್ನೊಂದೇ ದೃಶ್ಯ. ಮುಖ ‘ಬಾಡುತ್ತದೆ’. ತಮಿಳು, ಮಲಯಾಳ, ತೆಲುಗುಗಳಲ್ಲಿ ಇದೇ ಕ್ರಿಯಾಪದ ವಕಾರದೊಡನೆ ಇದೆ, ಅಲ್ಲೂ ಹೂವಿಗೂ ಮುಖಕ್ಕೂ ಒಂದೇ. ಬಿಸಿಲಿಗೆ ಮೈ ‘ಕಂದುತ್ತದೆ’, ಎಲೆಯೂ ಕಂದುತ್ತದೆ. ಬಿಸಿಲಿನಲ್ಲಿ ನಡೆದು ಬಂದವರು ‘ಸೊಪ್ಪಾಗುತ್ತಾರೆ’. ದುಡಿದು ದುಡಿದು ‘ಹಣ್ಣಾಗುತ್ತಾರೆ’. ಬಸವಳಿದು ‘ಬೆಂಡಾಗುತ್ತಾರೆ’; ಬೆಂಡು ಎಂದರೆ ಬಾಸಿಂಗ ಮಾಡಲು ಬಳಸುವ, ತೂಕವೇ ಇಲ್ಲದ ಗಿಡದ ತಿರುಳು. ಕೆನ್ನೆ ‘ಬತ್ತುತ್ತದೆ’, ದೇಹ ‘ಒಣಗುತ್ತದೆ’, ಮನುಷ್ಯ ‘ಒಣಕಲು’ ಆಗುತ್ತಾನೆ. ಪಾರಸಿಯಿಂದ ಸುಸ್ತು, ಅರಬ್ಬಿ ಮೂಲದ ಹೈರಾಣ ಬಂದು ಸೇರಿಕೊಂಡಿವೆ, ನಿಜ. ‘ಸೋತು ಸುಣ್ಣವಾದ’ ಎನ್ನುವಾಗ ಗೂಡಿನಲ್ಲಿ ಬೆಂದ ಕಪ್ಪೆಚಿಪ್ಪು ನೆನಪಾಗುತ್ತದೆ. ಗಾಣದ ಎತ್ತನ್ನೂ ನಾನು ಮರೆತಿಲ್ಲ. ಆದರೆ ನಾಲಗೆಯ ತುದಿಯಲ್ಲಿರುವ ಕ್ರಿಯಾಪದಗಳು ಹೊಲದ್ದು, ತೋಟದ್ದು. ದಣಿದ ಕನ್ನಡಿಗ ಒಂದು ಗಿಡ.

ಗಿಡಕ್ಕೆ ಯಜಮಾನನಿಲ್ಲ ಎಂದಲ್ಲ, ಆದರೆ ಬಾಡಿದ ಗಿಡವನ್ನು ನೋಡಿದಾಗ ಯಾರು ಹೀಗೆ ಮಾಡಿದರು ಎಂದು ಕೇಳುವುದಿಲ್ಲ. ನೀರು ಯಾವಾಗ ಬಿಟ್ಟದ್ದು ಎಂದು ಕೇಳುತ್ತೇವೆ. ಊರಿಗೆ ಹೋದಾಗ ಬಾಗಿಲಲ್ಲೇ ದೊಡ್ಡಮ್ಮ “ಯಾಕಪ್ಪಾ, ಇಷ್ಟು ಸೊರಗಿದ್ದೀಯ?” ಎನ್ನುತ್ತಾರೆ. ಅದು ನಿಂದೆಯಲ್ಲ, ಅಡುಗೆಮನೆಗೆ ಹೋಗುವ ಮುಂಚಿನ ಪೀಠಿಕೆ. ನಿಜವಾಗಿ ಸೊರಗಿರಬೇಕೆಂದೂ ಇಲ್ಲ. ತೂಕ ಹೆಚ್ಚಾಗಿ ಅಂಗಿ ಬಿಗಿಯಾದ ವರ್ಷವೂ ನನಗೆ ಇದೇ ಸ್ವಾಗತ ಸಿಕ್ಕಿದೆ. ಇಂಗ್ಲಿಷಿನಲ್ಲಿ ಯಾರಿಗಾದರೂ ಮುಖದೆದುರು ನೀವು ಹ್ಯಾಗರ್ಡ್ ಆಗಿ ಕಾಣುತ್ತೀರಿ ಎಂದು ಹೇಳಿ ನೋಡಿ. ಆಮೇಲೆ ಅವರು ಊಟಕ್ಕೆ ಉಳಿಯುವುದು ಅನುಮಾನ. ಸೊರಗು ಎಂಬ ಪದ ಎದುರಿನವರನ್ನು ಆರೈಕೆಯೊಳಗೆ ತರುತ್ತದೆ. ಅದು ಬಳಸುವವನನ್ನು ತೋಟಗಾರನನ್ನಾಗಿ ಮಾಡುತ್ತದೆ.

ಇಷ್ಟಕ್ಕೇ ಕನ್ನಡ ಕರುಣೆಯ ಭಾಷೆ, ಇಂಗ್ಲಿಷ್ ಕ್ರೌರ್ಯದ್ದು ಎಂದು ಎದೆ ತಟ್ಟಿಕೊಳ್ಳುವವರಿಗೆ ಒಂದು ಮಾತು. ಸೊರಗು ಎಂಬುದು ನಮ್ಮ ಕೃಷಿ ಇಲಾಖೆಯ ಕರಪತ್ರಗಳಲ್ಲಿ ಒಂದು ರೋಗದ ಹೆಸರು. ಕಲಬುರಗಿಯ ಕಡೆ ತೊಗರಿಗೆ ಬರುವ ಇದನ್ನು ರೈತರು ನೆಟೆ ರೋಗ ಎನ್ನುತ್ತಾರೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಬೇರಿನ ಮೂಲಕ ಒಳಹೊಕ್ಕು, ನೀರು ಮೇಲಕ್ಕೇರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಹೊಲದಲ್ಲಿ ಹಸಿ ಇದೆ, ಬೇರು ಹಸಿಯಲ್ಲೇ ಇದೆ, ಗಿಡ ಮಾತ್ರ ಹೂಬಿಡುವ, ಕಾಯಿಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪುಗೆರೆ. ಅಂಥ ಗಿಡಕ್ಕೆ ನೀರು ಬಿಟ್ಟು ಪ್ರಯೋಜನವಿಲ್ಲ. ಮಣ್ಣನ್ನೇ ಬದಲಿಸಬೇಕು, ಬೆಳೆ ತಿರುಗಿಸಬೇಕು, ರೋಗ ತಡೆಯುವ ತಳಿ ಹಾಕಬೇಕು. ಗಿಡದ ಪದಗಳ ಕೊರತೆ ಇಲ್ಲಿದೆ. ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಿಕೊಳ್ಳುವ ಕಚೇರಿಯಿಂದ ಬಂದ ಮಗಳಿಗೆ ‘ಬಾಡಿದ್ದೀಯಮ್ಮ’ ಎಂದು ಮೊಸರನ್ನ ಬಡಿಸುವ ಭಾಷೆಗೆ, ಯಾರು ನಿನ್ನನ್ನು ನಿದ್ದೆಗೆಡಿಸಿದವರು ಎಂದು ಕೇಳುವ ಪದ ಸುಲಭಕ್ಕೆ ಸಿಗುವುದಿಲ್ಲ. ಹ್ಯಾಗರ್ಡ್ ಎಂಬ ಒರಟು ಪದದೊಳಗೆ ಆ ಪ್ರಶ್ನೆ ಅವಿತಿದೆ. ಅದನ್ನು ಆಡುವವರಿಗೇ ಈಗ ಅದು ಕೇಳಿಸುವುದಿಲ್ಲ, ಅಷ್ಟೇ.

ನಮ್ಮಲ್ಲಿ ಗಿಡುಗಬೇಟೆ ಇರಲಿಲ್ಲವೇ? ಚೆನ್ನಾಗಿಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವನ್ನು ಕನ್ನಡಿಗರು ಸಾಮಾನ್ಯವಾಗಿ ತೆರೆಯುವುದು ಇಡ್ಲಿಯ ಅಜ್ಜಿ ಇಡ್ಡರಿಕೆಯನ್ನು ಹುಡುಕಲು. ಅದೇ ಗ್ರಂಥದಲ್ಲಿ ರಾಜನ ಇಪ್ಪತ್ತು ವಿನೋದಗಳಿವೆ: ಆನೆ, ಕುದುರೆ, ಮಲ್ಲರು, ಕೋಳಿ, ಟಗರು, ಪಾರಿವಾಳ, ನಾಯಿ, ಮೀನು. ಅವುಗಳ ನಡುವೆ ಶ್ಯೇನವಿನೋದ, ಗಿಡುಗದ ಆಟ. ಕನ್ನಡದಲ್ಲಿ ಈ ಹಕ್ಕಿಗಳಿಗೆ ಹೆಸರುಗಳೂ ಹೇರಳ. ಗಿಡುಗ, ಡೇಗೆ, ಬೈರಿ. ಬೇಟೆಗೆ ಬಳಸುವ ಗಿಡುಗಕ್ಕೆ ಸಾಳುವ. ಈ ಕೊನೆಯ ಪದ ಎಷ್ಟು ಎತ್ತರಕ್ಕೆ ಹಾರಿತೆಂದರೆ ಅದು ಬಿರುದಾಯಿತು, ಮನೆತನದ ಹೆಸರಾಯಿತು, ಕೊನೆಗೆ ವಿಜಯನಗರದ ಸಿಂಹಾಸನವನ್ನೇ ಏರಿತು. 1485ರಲ್ಲಿ ಸಂಗಮ ವಂಶವನ್ನು ತಳ್ಳಿ ಗದ್ದುಗೆ ಹಿಡಿದವನು ಸಾಳುವ ನರಸಿಂಹ.

ಹಾಗಾದರೆ ಕೈಮೇಲೆ ಕೂತ ಅದೇ ಹಕ್ಕಿ ಅಲ್ಲಿ ಬಳಲಿದ ಮುಖವಾದದ್ದು, ಇಲ್ಲಿ ರಾಜನ ಬಿರುದಾದದ್ದು ಏಕೆ? ನನಗೆ ತೋಚುವ ಉತ್ತರ ಇಷ್ಟು. ಇಂಗ್ಲೆಂಡಿನಲ್ಲಿ ಗಿಡುಗಬೇಟೆ ಅರಮನೆಯಿಂದ ಇಳಿದು ಸಣ್ಣ ಜಮೀನುದಾರರವರೆಗೆ ಹರಡಿತು, ಅದರ ಕಸುಬಿನ ಮಾತು ನಾಟಕ ನೋಡುವ ಗುಂಪಿಗೂ ಅರ್ಥವಾಗುವಷ್ಟು ಬಳಕೆಯಾಯಿತು. ಪಳಗಿಸುವವನ ರಾತ್ರಿ ಅವರ ಕಲ್ಪನೆಗೆ ಸಿಕ್ಕಿತು. ನಮ್ಮಲ್ಲಿ ಹೊಲದಲ್ಲಿ ನಿಂತು ತಲೆಯೆತ್ತಿ ನೋಡಿದವನಿಗೆ ಕಂಡದ್ದು ಹಕ್ಕಿ ಎರಗುವ ಆ ಕ್ಷಣ ಮಾತ್ರ. ಅದಕ್ಕೇ ಆಡುಮಾತಿನಲ್ಲಿ ಉಳಿದದ್ದು ‘ಹದ್ದಿನ ಕಣ್ಣು’, ತಪ್ಪದೆ ಕಾಯುವ ಚೂಪು ನೋಟ. ಹಕ್ಕಿಯ ನಿದ್ದೆಗೆಟ್ಟ ಕಣ್ಣನ್ನು ಕಂಡವನು ಅರಮನೆಯ ಹಕ್ಕಿಶಾಲೆಯ ಆಳು, ಅವನ ಮಾತು ಬರಹಕ್ಕೆ ಇಳಿಯಲಿಲ್ಲ.

ಈಗ ಭಾರತದಲ್ಲಿ ಕಾಡಿನ ಗಿಡುಗವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕೊಲ್ಲಿಯ ದೇಶಗಳಲ್ಲಿ ಬೇಟೆ ಮುಂದುವರಿದಿದೆ. ಅಲ್ಲಿ ದುಡಿಯುವ ಕರಾವಳಿಯ ಕನ್ನಡಿಗರು ತಲೆಗೆ ಕುಲಾವಿ ತೊಟ್ಟ ಗಿಡುಗಗಳು ವಿಮಾನದಲ್ಲಿ ಪ್ರಯಾಣಿಸುವುದನ್ನು ಕಂಡಿರಬಹುದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅವುಗಳಿಗೆ ಸ್ವಂತ ಪಾಸ್‌ಪೋರ್ಟ್ ಇದೆ, ಅಬುಧಾಬಿಯಲ್ಲಿ ಅವುಗಳಿಗೆಂದೇ ಆಸ್ಪತ್ರೆಯಿದೆ. ಹೆಚ್ಚಿನವು ಸಾಕಣೆಯಲ್ಲೇ ಹುಟ್ಟಿದವು. ಇಂದಿನ ಪಳಗಿಸುವವರು ಜಾಗರಣೆ ಮಾಡುವುದಿಲ್ಲ. ಹಕ್ಕಿಯನ್ನು ದಿನವೂ ಗ್ರಾಂ ಲೆ‌ಕ್ಕದಲ್ಲಿ ತೂಗಿ, ಹಸಿವನ್ನೂ ಆಹಾರವನ್ನೂ ನಾಜೂಕಾಗಿ ಸರಿದೂಗಿಸಿ, ಮೆಲ್ಲಗೆ ಒಲಿಸಿಕೊಳ್ಳುತ್ತಾರೆ. ನಿಜವಾದ ಹ್ಯಾಗರ್ಡ್ ಅಪರೂಪವಾಗುತ್ತಿದೆ, ವಿಶೇಷಣ ಮಾತ್ರ ಎಲ್ಲೆಡೆ ಇದೆ.

ಅನುವಾದಕನ ಕಷ್ಟ ಇನ್ನೂ ಬಗೆಹರಿದಿಲ್ಲ. ಇಂದಿನ ಕಾದಂಬರಿಯ ಹ್ಯಾಗರ್ಡ್‌ಗೆ ‘ಸೊರಗಿದ’ ಸಾಕು. ಆದರೆ ಷೇಕ್ಸ್‌ಪಿಯರನ ಒಥೆಲೊ ತನ್ನ ಹೆಂಡತಿಯ ಮೇಲೆ ಅನುಮಾನಪಟ್ಟು ಒಂಟಿಯಾಗಿ ನಿಂತು ಆಡುವ ಮಾತಿದೆ: ಅವಳು ಹ್ಯಾಗರ್ಡ್ ಎಂದು ಸಾಬೀತಾದರೆ, ಅವಳ ಕಾಲಪಟ್ಟಿಗಳು ನನ್ನ ಎದೆಯ ನರಗಳೇ ಆಗಿದ್ದರೂ, ಸಿಳ್ಳೆ ಹಾಕಿ ಗಾಳಿ ಬೀಸುವ ದಿಕ್ಕಿಗೆ ಬಿಟ್ಟುಬಿಡುತ್ತೇನೆ, ತನ್ನ ಪಾಡಿಗೆ ತಾನು ಬೇಟೆಯಾಡಿಕೊಳ್ಳಲಿ. ಇಲ್ಲಿ ‘ಸೊರಗಿದವಳು’ ಎಂದರೆ ನಗೆಪಾಟಲು. ‘ಕಾಡುಹಕ್ಕಿ’ ಎಂದರೆ ಗುಬ್ಬಚ್ಚಿಯೂ ಆಗಬಹುದು. ‘ಜಾರೆ’ ಎಂದು ಅರ್ಥವನ್ನು ಬಿಡಿಸಿ ಹೇಳಿದರೆ ಹಕ್ಕಿ ಹಾರಿಹೋಗುತ್ತದೆ, ಕಾಲಪಟ್ಟಿ, ಸಿಳ್ಳೆ, ಗಾಳಿ ಯಾವುದಕ್ಕೂ ನೆಲೆ ಸಿಗುವುದಿಲ್ಲ. ನಾನಾದರೆ ‘ಒಲ್ಲದ ಡೇಗೆ’ ಎಂದು ಬರೆಯುತ್ತೇನೆ. ಸಾಳುವ ಎನ್ನಬಹುದಿತ್ತು, ಆದರೆ ಆ ಪದಕ್ಕೆ ಈಗ ಕಿರೀಟದ ಭಾರವಿದೆ. ಡೇಗೆ ಬೇಟೆಯ ಹಕ್ಕಿ, ‘ಒಲ್ಲದ’ ಅನ್ನುವುದರಲ್ಲಿ ಅವಳ ಮನಸ್ಸಿದೆ. ಓದುಗರಲ್ಲಿ ಅರ್ಧದಷ್ಟು ಜನ ಡೇಗೆಗೆ ನಿಘಂಟು ನೋಡಬೇಕಾಗುತ್ತದೆ. ನೋಡಲಿ, ಷೇಕ್ಸ್‌ಪಿಯರನ ಮೂಲವನ್ನು ಓದುವ ಇಂದಿನ ಲಂಡನ್ನಿನ ಹುಡುಗನೂ ಅಲ್ಲಿ ಅಡಿಟಿಪ್ಪಣಿ ನೋಡಿಯೇ ಮುಂದೆ ಹೋಗುವುದು.